ಬಿರುದು ಒಂದು ಕವಲಿಗೆ, ರಕ್ತ ಇನ್ನೊಂದು ಕವಲಿಗೆ

ಶ್ರೀರಂಗಪಟ್ಟಣದಲ್ಲಿ ಕಾವೇರಿಗೆ ಅಡ್ಡಲಾಗಿ ದಿವಾನ್ ಪೂರ್ಣಯ್ಯ 1804ರ ಹೊತ್ತಿಗೆ ಕಟ್ಟಿಸಿ ಮುಗಿಸಿದ ಕಲ್ಲಿನ ಸೇತುವೆಗೆ ವೆಲ್ಲೆಸ್ಲಿ ಸೇತುವೆ ಎಂದು ಹೆಸರು. ಆ ಮನೆತನದ ಮೂವರು ಅಣ್ಣತಮ್ಮಂದಿರು 1799ರಲ್ಲಿ ಮೈಸೂರು ಯಾರ ಕೈಗೆ ಹೋಗಬೇಕೆಂಬುದನ್ನು ತೀರ್ಮಾನಿಸಿದ ಗುಂಪಿನಲ್ಲಿದ್ದರು. ಹಿರಿಯ ರಿಚರ್ಡ್ ಆಗ ಗವರ್ನರ್ ಜನರಲ್. ಆರ್ಥರ್ ಕೋಟೆ ಬಿದ್ದ ಮೇಲೆ ಪಟ್ಟಣದ ಉಸ್ತುವಾರಿ ಹೊತ್ತವನು. ಮುಂದೆ ವೆಲಿಂಗ್ಟನ್ನಿನ ಡ್ಯೂಕ್ ಆಗಿ ವಾಟರ್ಲೂ ಗೆದ್ದವನೂ ಅವನೇ. ಕಿರಿಯ ಹೆನ್ರಿ ಟಿಪ್ಪುವಿನ ರಾಜ್ಯವನ್ನು ಹಂಚಿಕೊಟ್ಟ ಆಯೋಗದಲ್ಲಿ ಆರ್ಥರನ ಜೊತೆ ಸದಸ್ಯನಾಗಿದ್ದ. ಇವರ ಯುದ್ಧಗಳನ್ನು ನಾವು ಶಾಲೆಯಲ್ಲೇ ಓದಿದ್ದೇವೆ. ಇವರ ವಂಶವೃಕ್ಷವನ್ನು ಓದಿದವರು ಕಡಿಮೆ. ಆದರೆ ಬ್ರಿಟನ್ನಿನ ಕುಲೀನ ವರ್ಗ ತನ್ನ ಬಗ್ಗೆ ಶತಮಾನಗಳಿಂದ ಹೇಳಿಕೊಂಡು ಬಂದಿರುವ ಮಾತೊಂದನ್ನು ಪರೀಕ್ಷಿಸಲು ಇದಕ್ಕಿಂತ ಒಳ್ಳೆಯ ಮನೆತನ ಸಿಗುವುದು ಕಷ್ಟ. ಬಿರುದು ರಕ್ತದೊಂದಿಗೆ ಇಳಿದು ಬರುತ್ತದೆ, ಹಿರಿಯರ ಗುಣ, ಸೇವೆ, ಹೊಣೆಗಳು ಅದರ ಜೊತೆಗೇ ಇಳಿಯುತ್ತವೆ ಎಂಬುದು ಆ ಮಾತು. ವೆಲ್ಲೆಸ್ಲಿಗಳ ವಂಶಾವಳಿ ಅದನ್ನು ಒಪ್ಪುವುದಿಲ್ಲ. ಅದು ಯಾರು ಯಾರಿಗೆ ಹುಟ್ಟಿದರು ಎಂಬುದರ ದಾಖಲೆಗಿಂತ ಹೆಚ್ಚಾಗಿ, ಹುಟ್ಟಿದವರಲ್ಲಿ ಯಾರನ್ನು ಲೆಕ್ಕಕ್ಕೆ ಹಿಡಿಯಬೇಕು, ಯಾರನ್ನು ಬಿಡಬೇಕು ಎಂದು ಕಾನೂನು ಮಾಡಿದ ಆಯ್ಕೆಯ ದಾಖಲೆ.

ಮೊದಲಿಗೆ ಆ ಹೆಸರನ್ನೇ ನೋಡೋಣ. ಗಂಡು ಸಂತಾನದ ಜಾಡು ಹಿಡಿದು ಹಿಂದಕ್ಕೆ ಹೋದರೆ ಈ ಅಣ್ಣತಮ್ಮಂದಿರು ವೆಲ್ಲೆಸ್ಲಿಗಳೇ ಅಲ್ಲ, ಕಾಲಿಗಳು. ಐರ್ಲೆಂಡಿನ ಮೀತ್ ಪ್ರಾಂತ್ಯದ ಡ್ಯಾಂಗನ್ನಿನಲ್ಲಿ ಗ್ಯಾರೆಟ್ ವೆಸ್ಲಿ ಎಂಬ ಜಮೀನುದಾರನಿದ್ದ. ಅವನಿಗೆ ಮಕ್ಕಳಿರಲಿಲ್ಲ. 1728ರಲ್ಲಿ ಅವನು ತೀರಿಕೊಂಡಾಗ ಆಸ್ತಿ ಬಂಧುವಾದ ರಿಚರ್ಡ್ ಕಾಲಿಗೆ ಬಂತು. ಆಸ್ತಿಯ ಜೊತೆ ರಿಚರ್ಡ್ ಕಾಲಿ ವೆಸ್ಲಿ ಎಂಬ ಹೆಸರನ್ನೂ ತೊಟ್ಟುಕೊಂಡ. 1746ರಲ್ಲಿ ಅವನು ಮಾರ್ನಿಂಗ್ಟನ್ನಿನ ಬ್ಯಾರನ್ ಆದ. ಅವನ ಮಗ, ಡಬ್ಲಿನ್ನಿನ ಟ್ರಿನಿಟಿ ಕಾಲೇಜಿನಲ್ಲಿ ಸಂಗೀತದ ಪ್ರಾಧ್ಯಾಪಕನೂ ಆಗಿದ್ದ ಗ್ಯಾರೆಟ್, 1760ರಲ್ಲಿ ಅರ್ಲ್ ಆದ. ಭಾರತಕ್ಕೆ ಬಂದವರು ಅವನ ಮಕ್ಕಳು. ವೆಸ್ಲಿ ಎಂಬುದನ್ನು ಹಳೆಯ ಕಾಗುಣಿತಕ್ಕೆ ತಿರುಗಿಸಿ ವೆಲ್ಲೆಸ್ಲಿ ಎಂದು ಬರೆಯತೊಡಗಿದವನು ಹಿರಿಮಗ ರಿಚರ್ಡ್. ಆರ್ಥರ್ ಹಾಗೆ ಸಹಿ ಹಾಕತೊಡಗಿದ್ದು 1798ರಲ್ಲಿ, ಅಂದರೆ ಶ್ರೀರಂಗಪಟ್ಟಣದ ಮುತ್ತಿಗೆಗೆ ಒಂದು ವರ್ಷ ಮೊದಲು. ವೆಲಿಂಗ್ಟನ್ ಎಂಬ ಬಿರುದಿನ ಕತೆಯೂ ಇಂಥದ್ದೇ. 1809ರಲ್ಲಿ ಬಿರುದು ಬಂದಾಗ ಆರ್ಥರ್ ಯುದ್ಧಭೂಮಿಯಲ್ಲಿದ್ದ. ಊರಿನಲ್ಲಿದ್ದ ಅಣ್ಣ ವಿಲಿಯಂ, ಸಾಮರ್ಸೆಟ್ಟಿನಲ್ಲಿ ಮನೆತನದ ಮೂಲವೆಂದು ನಂಬಲಾದ ಜಾಗಕ್ಕೆ ಹತ್ತಿರದ ಒಂದು ಪಟ್ಟಣವನ್ನು ಹುಡುಕಿ ಆ ಹೆಸರನ್ನು ಆರಿಸಿದ. ಇಂಗ್ಲಿಷ್ ರಾಜ ಎರಡನೆಯ ಹೆನ್ರಿ ಐರ್ಲೆಂಡಿಗೆ ಬಂದಾಗ ಅವನ ಧ್ವಜ ಹಿಡಿದವನೇ ತಮ್ಮ ಮೂಲಪುರುಷ ಎಂಬ ಐತಿಹ್ಯವೂ ಈ ಮನೆತನದಲ್ಲಿತ್ತು. ಅದು ನಿಜವೇ ಆಗಿದ್ದರೂ ಆ ಧ್ವಜಧಾರಿ ವೆಸ್ಲಿಗಳ ಮೂಲಪುರುಷನಾಗುತ್ತಾನೆಯೇ ಹೊರತು ಕಾಲಿಗಳದಲ್ಲ. ಜಾನ್ ಬರ್ಕ್ 1826ರಲ್ಲಿ ತನ್ನ ವಂಶಾವಳಿ ಕೋಶವನ್ನು ಹೊರತಂದ ಮೇಲೆ ಇಂಥ ಎಷ್ಟೋ ಐತಿಹ್ಯಗಳು ಅಚ್ಚಿನ ಗೌರವ ಪಡೆದವು. ಜೆ. ಎಚ್. ರೌಂಡ್ ಎಂಬ ಇತಿಹಾಸಕಾರ ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಅವುಗಳಲ್ಲಿ ಅನೇಕವನ್ನು ದಾಖಲೆ ಹಿಡಿದು ಒಂದೊಂದಾಗಿ ಕೆಡವಿದ.

ಹೆಸರು ಬದಲಾದದ್ದು ದೊಡ್ಡ ಸಂಗತಿಯಲ್ಲ, ಲೋಕದ ಎಲ್ಲ ಕಡೆಯೂ ಆಗುವಂಥದ್ದು. ನನ್ನ ವಾದದ ಭಾರ ಇರುವುದು ಹಿರಿಮಗ ರಿಚರ್ಡನ ಮೇಲೆ. ಅವನು ಹಯಸಿಂತ್ ಗೇಬ್ರಿಯೆಲ್ ರೋಲಾನ್ ಎಂಬ ಫ್ರೆಂಚ್ ಮಹಿಳೆಯೊಡನೆ ವರ್ಷಗಟ್ಟಲೆ ಸಂಸಾರ ಮಾಡಿದ, ಐವರು ಮಕ್ಕಳಾದರು, ಮೂವರು ಗಂಡು, ಇಬ್ಬರು ಹೆಣ್ಣು. 1794ರ ನವೆಂಬರಿನಲ್ಲಿ ಅವನು ಆಕೆಯನ್ನೇ ಮದುವೆಯಾದ. ಮದುವೆಯ ನಂತರ ಇವರಿಗೆ ಮತ್ತೆ ಮಕ್ಕಳಾಗಲಿಲ್ಲ. ತಂದೆ ಅವನೇ, ತಾಯಿ ಅವಳೇ, ತಂದೆತಾಯಿ ಕೊನೆಗೆ ಕಾನೂನಿನ ಪ್ರಕಾರವೇ ಗಂಡಹೆಂಡತಿ. ಆದರೂ ಆ ಐವರಲ್ಲಿ ಯಾರೂ ವಾರಸುದಾರರಾಗಲಿಲ್ಲ. ಮದುವೆಯ ತಾರೀಖಿಗಿಂತ ಮಕ್ಕಳ ಹುಟ್ಟಿದ ತಾರೀಖು ಹಿಂದಿತ್ತು, ಅಷ್ಟೇ ಕಾರಣ. ಮೈಸೂರು ಗೆದ್ದದ್ದಕ್ಕೆ 1799ರ ಕೊನೆಯಲ್ಲಿ ಸಿಕ್ಕ ಮಾರ್ಕ್ವಿಸ್ ಬಿರುದು 1842ರಲ್ಲಿ ರಿಚರ್ಡನ ಜೊತೆಗೇ ಮುಗಿದುಹೋಯಿತು. ತಂದೆಯಿಂದ ಬಂದಿದ್ದ ಮಾರ್ನಿಂಗ್ಟನ್ ಬಿರುದು ತಮ್ಮ ವಿಲಿಯಂಗೆ, ಅವನ ಮಗನಿಗೆ, ಮೊಮ್ಮಗನಿಗೆ ಹೋಯಿತು. ಆ ಮೊಮ್ಮಗ 1863ರಲ್ಲಿ ಮದುವೆಯಿಲ್ಲದೆ ತೀರಿಕೊಂಡಾಗ ಬಿರುದು ದಾಯಾದಿಯಾದ ಎರಡನೆಯ ವೆಲಿಂಗ್ಟನ್ ಡ್ಯೂಕನ ಪಾಲಾಯಿತು. ಆ ದಿನ ಆಕ್ಸ್‌ಫರ್ಡಿನಲ್ಲಿ ನ್ಯೂ ಇನ್ ಹಾಲ್ ಎಂಬ ವಿದ್ಯಾಸಂಸ್ಥೆಯ ಮುಖ್ಯಸ್ಥನಾಗಿ ರಿಚರ್ಡನ ಸ್ವಂತ ಮಗ ಹೆನ್ರಿ ಬದುಕಿದ್ದ. ವಿದ್ವಾಂಸ, ಪಾದ್ರಿ, ಎಲ್ಲರೂ ಬಲ್ಲ ಗೌರವಸ್ಥ. ಬಿರುದು ಅವನ ಪಕ್ಕದಲ್ಲೇ ಹಾದು ಮುಂದೆ ಹೋಯಿತು. ರಕ್ತವೇ ಅಳತೆಗೋಲಾಗಿದ್ದರೆ ಹೀಗಾಗಲು ಸಾಧ್ಯವೇ ಇರಲಿಲ್ಲ.

ಆ ಐವರಲ್ಲಿ ಒಬ್ಬಳಾದ ಆ್ಯನ್‌ಳ ಸಂತಾನ ಎಲ್ಲಿಗೆ ಮುಟ್ಟಿತು ಎಂಬುದು ಇನ್ನೂ ಸ್ವಾರಸ್ಯದ ಸಂಗತಿ. ಆಕೆಯ ಮೊದಲ ಮದುವೆ ಸರ್ ವಿಲಿಯಂ ಆ್ಯಬ್ಡಿಯೊಡನೆ. 1815ರಲ್ಲಿ ಆಕೆ ಅವನ ಮನೆ ಬಿಟ್ಟು ಲಾರ್ಡ್ ಚಾರ್ಲ್ಸ್ ಬೆಂಟಿಂಕ್‌ನ ಜೊತೆ ಹೋದಳು. ಮರುವರ್ಷ ವಿಚ್ಛೇದನವಾಗಿ ಇವರಿಬ್ಬರ ಮದುವೆಯಾಯಿತು. ಈ ಚಾರ್ಲ್ಸ್ ಬೇರಾರೂ ಅಲ್ಲ, 1831ರಲ್ಲಿ ನಗರದ ದಂಗೆಯನ್ನು ಮುಂದಿಟ್ಟುಕೊಂಡು ಮುಮ್ಮಡಿ ಕೃಷ್ಣರಾಜ ಒಡೆಯರ ಕೈಯಿಂದ ಮೈಸೂರಿನ ಆಡಳಿತವನ್ನು ಕಸಿದುಕೊಂಡ ಗವರ್ನರ್ ಜನರಲ್ ವಿಲಿಯಂ ಬೆಂಟಿಂಕ್‌ನ ತಮ್ಮ. ಐದು ವರ್ಷದ ಮುಮ್ಮಡಿಯವರನ್ನು ಗದ್ದುಗೆಯ ಮೇಲೆ ಕೂರಿಸಿದವನ ಮಗಳು, ಅವರಿಂದ ಅಧಿಕಾರ ಕಿತ್ತುಕೊಂಡವನ ತಮ್ಮನನ್ನು ಮದುವೆಯಾಗಿದ್ದಳು. ಮೈಸೂರಿನ ಇತಿಹಾಸ ಬರೆಯುವವರು ಈ ನಂಟನ್ನು ಯಾಕೆ ಅಷ್ಟಾಗಿ ಗಮನಿಸಿಲ್ಲವೋ ಕಾಣೆ. ಆ್ಯನ್ ಮತ್ತು ಚಾರ್ಲ್ಸರ ಮಗ, ಅವನ ಹೆಸರೂ ಚಾರ್ಲ್ಸ್, ಪಾದ್ರಿಯಾದ. ಅವನ ಮಗಳು ಸಿಸಿಲಿಯಾ ಸ್ಟ್ರಾತ್‌ಮೋರ್ ಅರ್ಲ್ ಮನೆತನದ ಕ್ಲಾಡ್ ಬೋಸ್ ಲಯನ್‌ನ ಕೈಹಿಡಿದಳು. ಆ ದಂಪತಿಗೆ 1900ರಲ್ಲಿ ಹುಟ್ಟಿದ ಮಗಳು ಎಲಿಜಬೆತ್, ಆರನೆಯ ಜಾರ್ಜ್ ದೊರೆಯ ಪತ್ನಿ. ಅವರ ಮಗಳು ರಾಣಿ ಎರಡನೆಯ ಎಲಿಜಬೆತ್. ರಾಣಿಯ ಮಗ ಇಂದಿನ ದೊರೆ ಮೂರನೆಯ ಚಾರ್ಲ್ಸ್. ರಿಚರ್ಡ್ ವೆಲ್ಲೆಸ್ಲಿಯನ್ನು ಮೊದಲ ತಲೆಯೆಂದು ಹಿಡಿದರೆ ಚಾರ್ಲ್ಸ್ ಏಳನೆಯ ತಲೆ. ಒಂದು ಅರ್ಲ್ ಬಿರುದಿಗೂ ಅರ್ಹವಲ್ಲ ಎಂದು ಕಾನೂನು ಬದಿಗಿಟ್ಟ ಸಂತಾನ ಸಿಂಹಾಸನವನ್ನೇ ಏರಿದೆ. ಕಾನೂನು ಮಾನ್ಯ ಮಾಡಿದ ಕವಲಿನಲ್ಲಿ ಮಾರ್ನಿಂಗ್ಟನ್ ಎಂಬುದು ವೆಲಿಂಗ್ಟನ್ ಡ್ಯೂಕರ ಹಲವು ಬಿರುದುಗಳ ನಡುವೆ ಇನ್ನೊಂದಾಗಿ ಉಳಿದುಕೊಂಡಿದೆ.

ಇದು ಇನ್ನೂರು ವರ್ಷದ ಹಿಂದಿನ ಒಂದು ಅಪವಾದ ಎಂದು ಯಾರಾದರೂ ಹೇಳಿದರೆ, ಅದೇ ಮನೆತನದಲ್ಲಿ 1943ರಲ್ಲಿ ನಡೆದದ್ದನ್ನು ನೋಡಬೇಕು. ಆರನೆಯ ಡ್ಯೂಕ್ ಹೆನ್ರಿ ಆ ವರ್ಷ ಇಟಲಿಯ ಸಲೆರ್ನೋದಲ್ಲಿ ಯುದ್ಧದಲ್ಲಿ ಸತ್ತ. ಮದುವೆಯಾಗಿರಲಿಲ್ಲ, ವಯಸ್ಸು ಮೂವತ್ತೊಂದು. ಅವನಿಗೆ ಒಬ್ಬ ಅಕ್ಕ ಇದ್ದಳು, ಆ್ಯನ್. ಇಂಗ್ಲಿಷ್ ನಿಯಮದ ಪ್ರಕಾರ ಹೆಣ್ಣಿಗೆ ಈ ಬಿರುದು ಸಲ್ಲದು, ಆದ್ದರಿಂದ ವೆಲಿಂಗ್ಟನ್ನಿನ ಡ್ಯೂಕ್ ಪದವಿ ಚಿಕ್ಕಪ್ಪ ಜೆರಾಲ್ಡನಿಗೆ ಹೋಯಿತು. ಆದರೆ ಮೊದಲ ಡ್ಯೂಕನಿಗೆ ಸ್ಪೇನ್ 1812ರಲ್ಲಿ ಸಿಯುದಾದ್ ರೋದ್ರಿಗೋ ಎಂಬ ಡ್ಯೂಕ್ ಪದವಿಯನ್ನು ಬೇರೆಯಾಗಿ ಕೊಟ್ಟಿತ್ತು. ಸ್ಪೇನಿನ ನಿಯಮದಲ್ಲಿ ಸತ್ತವನ ಒಡಹುಟ್ಟಿದ ಹೆಣ್ಣು ಅವನ ಚಿಕ್ಕಪ್ಪನಿಗಿಂತ ಹತ್ತಿರದವಳು, ಆ ಪದವಿ ಅಕ್ಕನಿಗೆ ಬಂತು. 1949ರಲ್ಲಿ ಆಕೆ ತಾನಾಗಿ ಬಿಟ್ಟುಕೊಟ್ಟ ಮೇಲೆಯೇ ಎರಡೂ ಮತ್ತೆ ಒಬ್ಬರ ಬಳಿ ಸೇರಿದ್ದು. ಒಂದೇ ಮನೆತನ, ಒಂದೇ ಸಾವು, ಅದೇ ನೆಂಟರು. ವಾರಸುದಾರರು ಮಾತ್ರ ಇಬ್ಬರು. ರಕ್ತ ತಾನಾಗಿ ಏನನ್ನಾದರೂ ನಿರ್ಧರಿಸುವುದಾಗಿದ್ದರೆ ಮ್ಯಾಡ್ರಿಡ್‌ನಲ್ಲಿ ಒಂದು ಉತ್ತರ, ಲಂಡನ್ನಿನಲ್ಲಿ ಇನ್ನೊಂದು ಉತ್ತರ ಬರುತ್ತಿರಲಿಲ್ಲ. ನನ್ನ ಮಟ್ಟಿಗೆ ಈ ಇಡೀ ಚರ್ಚೆಯಲ್ಲಿ ಇದಕ್ಕಿಂತ ಗಟ್ಟಿಯಾದ ಪುರಾವೆ ಬೇರೆ ಇಲ್ಲ.

ಇಲ್ಲಿ ಮೊದಲ ಆಕ್ಷೇಪ ಏಳುತ್ತದೆ, ಅದಕ್ಕೆ ತೂಕವೂ ಇದೆ. ನಿಯಮ ಎಂದ ಮೇಲೆ ಎಲ್ಲೋ ಒಂದು ಕಡೆ ಗೆರೆ ಎಳೆಯಲೇಬೇಕು. ಹಿರಿಮಗನಿಗೆ, ಅದೂ ಮದುವೆಯೊಳಗೆ ಹುಟ್ಟಿದ ಹಿರಿಮಗನಿಗೆ ಎಂದು ಕಟ್ಟಿದ ಗೆರೆಯಿಂದಾಗಿ ದೊಡ್ಡ ಹಿಡುವಳಿಗಳು ಒಡೆಯದೆ ಉಳಿದವು, ಅಣ್ಣತಮ್ಮಂದಿರ ಜಗಳ ಕಡಿಮೆಯಾಯಿತು, ಸಂಗ್ರಹಗಳೂ ಮಹಲುಗಳೂ ಉಳಿದುಕೊಂಡವು ಎಂಬುದು ಆ ವಾದ. ಗೆರೆ ಬೇಕು ಎಂಬುದನ್ನು ನಾನು ಒಪ್ಪುತ್ತೇನೆ. ಆದರೆ ಹಾಗೆ ಒಪ್ಪಿದ ಕ್ಷಣದಲ್ಲೇ ಚರ್ಚೆ ರಕ್ತದಿಂದ ಅನುಕೂಲಕ್ಕೆ ಬಂದು ನಿಂತಿತು. ಅನುಕೂಲಕ್ಕಾಗಿ ಮಾಡಿದ ನಿಯಮವನ್ನು ಅದರ ಫಲದಿಂದ ಅಳೆಯಬೇಕು. ಫಲವನ್ನು ನೋಡಲು ಈ ಮನೆತನದಿಂದ ಹೊರಗೆ ಹೋಗಬೇಕಿಲ್ಲ. ಮಾರ್ನಿಂಗ್ಟನ್ನಿನ ನಾಲ್ಕನೆಯ ಅರ್ಲ್, ವಿಲಿಯಂ ಪೋಲ್ ಟಿಲ್ನಿ ಲಾಂಗ್ ವೆಲ್ಲೆಸ್ಲಿ, ಕಾನೂನಿನ ಎಲ್ಲ ಷರತ್ತುಗಳನ್ನೂ ಪೂರೈಸಿದ ವಾರಸುದಾರ. 1812ರಲ್ಲಿ ಅವನು ಇಂಗ್ಲೆಂಡಿನ ಅತಿ ಶ್ರೀಮಂತ ಹೆಣ್ಣುಮಕ್ಕಳಲ್ಲಿ ಒಬ್ಬಳಾಗಿದ್ದ ಕ್ಯಾಥರೀನ್ ಟಿಲ್ನಿ ಲಾಂಗ್‌ಳನ್ನು ಮದುವೆಯಾಗಿ ಆಕೆಯ ಸಂಪತ್ತನ್ನೆಲ್ಲ ಸಾಲಕ್ಕೆ ಸುರಿದ. ಲಂಡನ್ ಬಳಿಯ ಆಕೆಯ ವಾನ್‌ಸ್ಟೆಡ್ ಮಹಲಿನ ಸಾಮಾನುಗಳನ್ನು 1822ರಲ್ಲಿ ಹರಾಜು ಹಾಕಲಾಯಿತು, ಸ್ವಲ್ಪ ಕಾಲದಲ್ಲೇ ಕಟ್ಟಡವನ್ನೂ ಕೆಡವಿ ಕಲ್ಲು ಮಾರಲಾಯಿತು. ಕ್ಯಾಥರೀನ್ 1825ರಲ್ಲಿ ತೀರಿಕೊಂಡಳು. ಅವನ ನಡತೆಯನ್ನು ಕಂಡ ನ್ಯಾಯಾಲಯ ಮಕ್ಕಳನ್ನು ಅವನ ಕೈಗೆ ಕೊಡಲು ಒಪ್ಪಲಿಲ್ಲ. ಆಸ್ತಿ ಉಳಿಸಲು ಮಾಡಿದ ನಿಯಮ ಆಸ್ತಿಯನ್ನು ಉಳಿಸಿಲ್ಲ, ಮದುವೆಗೆ ಮೊದಲು ಹುಟ್ಟಿದ ವಿದ್ವಾಂಸನನ್ನು ಬಿಟ್ಟು ಇಂಥವನನ್ನು ಅರ್ಲ್ ಮಾಡಿದೆ. ಒಬ್ಬನ ದುರ್ನಡತೆಯಿಂದ ನಿಯಮ ಕೆಟ್ಟದ್ದಾಗದು ಎನ್ನಬಹುದು, ನಿಜ. ಆದರೆ ಒಬ್ಬನ ಪರಾಕ್ರಮದಿಂದ ಅದು ಒಳ್ಳೆಯದೂ ಆಗದು. ವಂಶಪಾರಂಪರ್ಯದ ಸಮರ್ಥಕರು ವಾಟರ್ಲೂವನ್ನು ಎತ್ತಿ ತೋರಿಸುವಾಗ ವಾನ್‌ಸ್ಟೆಡ್‌ನ್ನು ಮರೆಯಬಾರದು. ಇನ್ನೊಂದು ಮಾತು, ವಾಟರ್ಲೂ ಗೆದ್ದವನು ಹಿರಿಮಗನಲ್ಲ. ಹಿಂದಿನಿಂದ ಏನೂ ಸಿಗದ ಕಿರಿಯ ಮಗ.

ಎರಡನೆಯ ಆಕ್ಷೇಪ ಕಾಲಧರ್ಮದ್ದು. ಹಳೆಯ ಕಾಲದ ಜನರನ್ನು ಇಂದಿನ ಅಳತೆಯಿಂದ ತೂಗುವುದು ಅನ್ಯಾಯ, ಅವರಿಗೆ ಬೇರೆ ದಾರಿ ಹೊಳೆದಿರಲಿಲ್ಲ ಎಂಬ ವಾದವಿದು. ಬೇರೆ ದಾರಿ ಹೊಳೆದಿತ್ತು, ಅದನ್ನು ಕೈಯಾರೆ ತಳ್ಳಿದರು ಎಂಬುದಕ್ಕೆ ದಾಖಲೆಯಿದೆ. ತಂದೆತಾಯಿ ಆಮೇಲೆ ಮದುವೆಯಾದರೆ ಮೊದಲು ಹುಟ್ಟಿದ ಮಕ್ಕಳೂ ಔರಸರೇ ಎಂಬುದು ಕ್ರೈಸ್ತ ಧರ್ಮಸಭೆಯ ಕಾನೂನಿನ ನಿಲುವಾಗಿತ್ತು. 1236ರಲ್ಲಿ ಮರ್ಟನ್ನಿನ ಸಭೆಯಲ್ಲಿ ಬಿಷಪ್ಪರು ಅದನ್ನು ಇಂಗ್ಲೆಂಡಿಗೂ ತರಬೇಕೆಂದು ಕೇಳಿದಾಗ ಅಲ್ಲಿ ಸೇರಿದ್ದ ಸರದಾರರು ಇಂಗ್ಲೆಂಡಿನ ಕಾನೂನನ್ನು ಬದಲಿಸಲು ಒಲ್ಲೆವು ಎಂದು ಒಕ್ಕೊರಲಿನಿಂದ ನಿರಾಕರಿಸಿದರು. ಗಡಿಯಾಚೆಯ ಸ್ಕಾಟ್ಲೆಂಡ್ ಆ ತತ್ವವನ್ನು ಒಪ್ಪಿಕೊಂಡಿತು. ಆ ಸ್ಕಾಟಿಷ್ ನಿಯಮ ರಿಚರ್ಡ್ ವೆಲ್ಲೆಸ್ಲಿಗೆ ಅನ್ವಯಿಸಿದ್ದರೆ ಅವನ ಮಕ್ಕಳ ಪಾಡು ಬೇರೆಯೇ ಆಗುತ್ತಿತ್ತು. ಇಂಗ್ಲೆಂಡಿನಲ್ಲೂ ಬಲಿಷ್ಠರಿಗೆ ಬೇಕಾದಾಗ ನಿಯಮ ಬಾಗಿದೆ. ಮೂರನೆಯ ಎಡ್ವರ್ಡನ ಮಗ ಜಾನ್ ಆಫ್ ಗಾಂಟ್‌ಗೆ ಕ್ಯಾಥರೀನ್ ಸ್ವಿನ್‌ಫರ್ಡ್‌ಳಲ್ಲಿ ಮದುವೆಗೆ ಮೊದಲು ಹುಟ್ಟಿದ ಬ್ಯೂಫರ್ಟ್ ಮಕ್ಕಳನ್ನು 1397ರಲ್ಲಿ ಪಾರ್ಲಿಮೆಂಟಿನ ಮೂಲಕವೇ ಔರಸರೆಂದು ಘೋಷಿಸಲಾಯಿತು. 1485ರಲ್ಲಿ ಸಿಂಹಾಸನ ಹಿಡಿದ ಏಳನೆಯ ಹೆನ್ರಿಯ ವಂಶದ ಹಕ್ಕು ನಿಂತಿದ್ದು ಆ ಬ್ಯೂಫರ್ಟ್ ಕವಲಿನ ಮೇಲೆ, ಅದೂ ತಾಯಿ ಮಾರ್ಗರೆಟ್‌ಳ ಮೂಲಕ. ಅನೌರಸ ಮೂಲ, ಹೆಣ್ಣಿನ ದಾರಿ, ಎರಡೂ ಇದ್ದರೂ ಕಿರೀಟಕ್ಕೆ ಅಡ್ಡಿಯಾಗಲಿಲ್ಲ. ಕಾಲಧರ್ಮ ಎಂಬುದು ಎಲ್ಲರಿಗೂ ಒಂದೇ ಆಗಿರಲಿಲ್ಲ, ಕೈಯಲ್ಲಿ ಕತ್ತಿ ಇದ್ದವರಿಗೆ ಅದು ಬೇರೆಯಾಗಿತ್ತು.

ಮೂರನೆಯದು ಹೊಸ ಕಾಲದ ಆಕ್ಷೇಪ. ಡಿಎನ್‌ಎ ಪರೀಕ್ಷೆ ಬಂದ ಮೇಲೆ ರಕ್ತದ ಸತ್ಯವನ್ನು ನೇರವಾಗಿ ಕಾಣಬಹುದಲ್ಲ, ಇನ್ನು ಮುಂದೆ ವಂಶಾವಳಿ ನಿಜವಾದ ಸಂತಾನದ ಪಟ್ಟಿಯೇ ಆಗುತ್ತದಲ್ಲ ಎಂದು ಕೇಳುವವರಿದ್ದಾರೆ. ಲೆಸ್ಟರ್ ನಗರದ ವಾಹನ ನಿಲುಗಡೆ ಜಾಗದಡಿ 2012ರಲ್ಲಿ ಮೂರನೆಯ ರಿಚರ್ಡ್ ದೊರೆಯ ಅಸ್ಥಿ ಸಿಕ್ಕಿತು. ಹೆಣ್ಣು ಕವಲಿನಲ್ಲಿ ಇಳಿದು ಬರುವ ಅಂಶ ಇಂದಿನ ಸಂಬಂಧಿಕರೊಡನೆ ಹೊಂದಿತು. ಗಂಡು ಕವಲಿನಲ್ಲಿ ಇಳಿಯುವ ವೈ ವರ್ಣತಂತು ಮಾತ್ರ, ಕಾಗದದ ಪ್ರಕಾರ ಅದೇ ರಾಜವಂಶದವರಾದ, ಐದನೆಯ ಬ್ಯೂಫರ್ಟ್ ಡ್ಯೂಕನ ವಂಶಸ್ಥರಾದ ಐವರು ಗಂಡಸರಲ್ಲಿ ಯಾರೊಂದಿಗೂ ಹೊಂದಲಿಲ್ಲ ಎಂದು 2014ರಲ್ಲಿ ಪ್ರಕಟವಾಯಿತು. ಐದಾರು ಶತಮಾನಗಳ ಆ ಸರಪಳಿಯಲ್ಲಿ ಎಲ್ಲೋ ಒಂದು ಕೊಂಡಿ ಕಾಗದದ ಮೇಲೆ ಮಾತ್ರ ಇತ್ತು ಎಂದಾಯಿತು. ಸ್ಟಿಚಿಲ್ಲಿನ ಪ್ರಿಂಗಲ್ ಬ್ಯಾರನೆಟ್ ಬಿರುದಿನ ವಿವಾದದಲ್ಲಿ ಪ್ರಿವಿ ಕೌನ್ಸಿಲ್ 2016ರಲ್ಲಿ ಡಿಎನ್‌ಎ ಸಾಕ್ಷ್ಯವನ್ನು ಒಪ್ಪಿ, ಬಿರುದು ಬೇರೆ ಕವಲಿಗೆ ಸಲ್ಲುತ್ತದೆ ಎಂದು ಹೇಳಿದ್ದೂ ಉಂಟು. ಆದರೆ ಗಮನಿಸಿ, ವಿಜ್ಞಾನವನ್ನು ಅಲ್ಲಿ ಕರೆದದ್ದು ಮೊದಲೇ ಆರಿಸಿಟ್ಟ ಸಾಲಿನೊಳಗೆ ನಿಂತವರಲ್ಲಿ ಯಾರು ಸರಿ ಎಂದು ನೋಡಲು. ರಿಚರ್ಡ್ ವೆಲ್ಲೆಸ್ಲಿಯ ಮಗಳು ಆ್ಯನ್‌ಳ ವಂಶಸ್ಥರು ಅವನ ರಕ್ತವೇ ಎಂದು ನೂರಕ್ಕೆ ನೂರು ಸಾಬೀತಾದರೂ ಅವರಿಗೆ ಏನೂ ದಕ್ಕದು. ಅದನ್ನು ಯಾರೂ ಅಲ್ಲಗಳೆದೂ ಇಲ್ಲ. ಡಿಎನ್‌ಎ ಮಗನಲ್ಲದವನನ್ನು ಹೊರಗೆ ಕಳಿಸಬಲ್ಲದು; ಮಗಳನ್ನು ಒಳಗೆ ಕರೆಯಲಾರದು.

ಇದು ಬ್ರಿಟನ್ನಿನ ಮನೆಯ ವಿಷಯ, ನಮಗೇಕೆ ಎಂದು ಕೇಳುವವರಿಗೆ ಕಿತ್ತೂರನ್ನು ನೆನಪಿಸಬೇಕು. 1824ರಲ್ಲಿ ಕಿತ್ತೂರಿನ ದೊರೆ ಶಿವಲಿಂಗರುದ್ರ ಸರ್ಜ ತೀರಿಕೊಂಡಾಗ, ದತ್ತು ಬಂದ ಶಿವಲಿಂಗಪ್ಪನನ್ನು ವಾರಸುದಾರನೆಂದು ಒಪ್ಪಲು ಧಾರವಾಡದ ಕಲೆಕ್ಟರ್ ಥ್ಯಾಕರೆ ನಿರಾಕರಿಸಿದ. ಚೆನ್ನಮ್ಮ ರಾಣಿ ಯುದ್ಧಕ್ಕೆ ನಿಂತದ್ದು ಅದಕ್ಕೇ. 1848ರಲ್ಲಿ ಸತಾರಾದ ದತ್ತು ವಾರಸಿಗೂ ಅದೇ ಗತಿಯಾಯಿತು. ನಮ್ಮ ಧರ್ಮಶಾಸ್ತ್ರದಲ್ಲಿ ದತ್ತಕ ಪುತ್ರ ಮನೆಯ ಮಗನೇ. ಇಂಗ್ಲಿಷ್ ಕಾನೂನಿನಲ್ಲಿ ದತ್ತು ಎಂಬುದೇ 1926ರವರೆಗೆ ಇರಲಿಲ್ಲ. ತಮ್ಮ ಮನೆಗಳಲ್ಲಿ ಮಾತ್ರ ಅವರಿಗೂ ಇದರ ಅಗತ್ಯ ಬಿದ್ದಿತ್ತು. ಮಕ್ಕಳಿಲ್ಲದ ವೆಸ್ಲಿಯ ಆಸ್ತಿ, ಹೆಸರು, ಮನೆ ಎಲ್ಲ ಕಾಲಿಯ ಪಾಲಾಗದಿದ್ದರೆ ವೆಲ್ಲೆಸ್ಲಿ ಎಂಬ ಹೆಸರು ಭಾರತಕ್ಕೆ ಬರುತ್ತಲೇ ಇರಲಿಲ್ಲ. ಎರಡೂ ಒಂದೇ ಅಲ್ಲ, ಕಾಲಿಗೆ ಬಂದದ್ದು ಜಮೀನು ಮತ್ತು ಹೆಸರು, ರಾಜ್ಯವಲ್ಲ ಎಂದು ಕಾನೂನು ಬಲ್ಲವರು ಹೇಳುತ್ತಾರೆ. ಆ ವ್ಯತ್ಯಾಸ ಸರಿಯೇ. ಆದರೂ ಮನೆಯ ಹೆಸರು ಉಳಿಯಲು ಹೊರಗಿನವನೊಬ್ಬನನ್ನು ಒಳಗೆ ತಂದುಕೊಳ್ಳುವುದು ಅವರಿಗೆ ಸಹಜವೆನಿಸಿತ್ತು, ಕಿತ್ತೂರು ಅದನ್ನೇ ಮಾಡಿದಾಗ ಮೋಸವೆನಿಸಿತು. 1799ರಲ್ಲಿ ಒಡೆಯರನ್ನು ಪ್ರಾಚೀನ ರಾಜವಂಶವೆಂದು ಎತ್ತಿ ಹಿಡಿದು ಟಿಪ್ಪುವಿನ ಮಕ್ಕಳನ್ನು ವೆಲ್ಲೂರಿಗೆ ಕಳಿಸಿದವರೇ, ಮುಮ್ಮಡಿಯವರು 1865ರಲ್ಲಿ ಚಾಮರಾಜೇಂದ್ರರನ್ನು ದತ್ತು ತೆಗೆದುಕೊಂಡಾಗ ಆ ಮಗುವಿಗೆ ರಾಜ್ಯದ ಹಕ್ಕಿದೆ ಎಂದು ಒಪ್ಪಲು 1867ರವರೆಗೆ ಸಮಯ ತೆಗೆದುಕೊಂಡರು. ವಂಶಾವಳಿ ಅವರ ಕೈಯಲ್ಲಿ ಬೇಕಾದಾಗ ಕೊಡುವ, ಬೇಡವಾದಾಗ ಕಿತ್ತುಕೊಳ್ಳುವ ಸಾಧನವಾಗಿತ್ತು. ಕಿತ್ತೂರಿನಲ್ಲಿ ಅದಕ್ಕಾಗಿ ಜನ ಸತ್ತರು.

ಬ್ರಿಟನ್ ಈಚೆಗೆ ತನ್ನ ನಿಯಮಗಳನ್ನು ತಿದ್ದಿಕೊಂಡಿಲ್ಲ ಎಂದಲ್ಲ. ತಂದೆತಾಯಿಯ ನಂತರದ ಮದುವೆಯಿಂದ ಮಕ್ಕಳು ಔರಸರಾಗಬಹುದು ಎಂದು 1926ರಲ್ಲಿ ಕಾನೂನು ಬಂತು, ಬಿರುದುಗಳನ್ನು ಅದರಿಂದ ಹೊರಗಿಡಲಾಯಿತು. ಬಿರುದು ಹೊಂದಿದವರ ದತ್ತು ಮಕ್ಕಳು ಗೌರವದ ಸಂಬೋಧನೆಗಳನ್ನು ಬಳಸಬಹುದೆಂದು 2004ರಲ್ಲಿ ರಾಣಿಯ ಆಜ್ಞೆಯಾಯಿತು, ಬಿರುದಿನ ಹಕ್ಕು ಮಾತ್ರ ಕೊಡಲಿಲ್ಲ. 2013ರ ಕಾಯ್ದೆ ಸಿಂಹಾಸನದ ಸರದಿಯಲ್ಲಿ ತಮ್ಮನಿಗಿಂತ ಅಕ್ಕನಿಗೆ ಮೊದಲ ಸ್ಥಾನ ಕೊಟ್ಟಿತು. ಡ್ಯೂಕ್, ಅರ್ಲ್ ಬಿರುದುಗಳನ್ನೂ ಹೆಣ್ಣುಮಕ್ಕಳಿಗೆ ತೆರೆಯಬೇಕೆಂದು ಅದೇ ವರ್ಷ ಲಾರ್ಡ್ಸ್ ಸಭೆಯಲ್ಲಿ ಮಂಡನೆಯಾದ ಮಸೂದೆ ಕಾನೂನಾಗಲಿಲ್ಲ. ದೇಶದ ಕಿರೀಟವನ್ನೇ ಹಿರಿಮಗಳು ಧರಿಸಬಹುದಾದರೆ ತಂದೆಯ ಅರ್ಲ್ ಪದವಿಯನ್ನು ಧರಿಸಲು ಯಾಕೆ ಆಗದು ಎಂಬ ಪ್ರಶ್ನೆಗೆ ತೃಪ್ತಿಕರ ಉತ್ತರ ಯಾರೂ ಕೊಟ್ಟಿಲ್ಲ. ಈ ಬಿರುದುಗಳು ಬರೀ ಅಲಂಕಾರ, ಅವುಗಳಿಂದ ಯಾರಿಗೇನು ಎನ್ನುವುದೂ ಪೂರ್ತಿ ಸರಿಯಲ್ಲ. 1999ರ ಸುಧಾರಣೆಯ ನಂತರವೂ ವಂಶಪಾರಂಪರ್ಯದ 92 ಸ್ಥಾನಗಳು ಶಾಸನ ಮಾಡುವ ಸಭೆಯಲ್ಲಿ ಉಳಿದುಕೊಂಡವು. ಅವುಗಳನ್ನು ತೆಗೆಯುವ ಮಸೂದೆ ಪಾರ್ಲಿಮೆಂಟಿಗೆ ಬಂದದ್ದು 2024ರಲ್ಲಿ. ಅಂಥ ಸ್ಥಾನಗಳು ಇರಬಾರದು ಎಂಬುದರಲ್ಲಿ ನನಗೆ ಅನುಮಾನವಿಲ್ಲ. ಸ್ಥಾನದ ಜೊತೆ ಬಿರುದಿನ ನಿಯಮವನ್ನೂ ಕೈಗೆತ್ತಿಕೊಳ್ಳಬೇಕು, ಮಗಳಿಗೂ ಮದುವೆಗೆ ಮೊದಲು ಹುಟ್ಟಿದ ಮಗುವಿಗೂ ಅದರಲ್ಲಿ ಜಾಗ ಕೊಡಬೇಕು. ಹಾಗೆ ಮಾಡಲು ಮನಸ್ಸಿಲ್ಲದಿದ್ದರೆ, ಬಿರುದು ರಕ್ತದಿಂದ ಬರುತ್ತದೆ ಎಂಬ ಮಾತನ್ನಾದರೂ ಆ ಮನೆತನಗಳು ನಿಲ್ಲಿಸಬೇಕು.